ಒಂಬತ್ತೂವರೆಗೆ ಹಾಡುವ ಫ್ಯಾನು

ಫ್ಯಾನು ಹಾಡ್ತಿದೆ ಅಂತ ಮೊದಲು ಹೇಳಿದ್ದು ಅಮ್ಮ.

2023ರ ಅಕ್ಟೋಬರ್. ಆಸ್ಟ್ರೇಲಿಯಾದ ಬ್ರಿಸ್ಬೇನಿನ ನಮ್ಮ ಮನೆಗೆ ಅವಳು ಬಂದು ಎರಡು ವಾರ ಆಗಿತ್ತು. ಎಸಿ ಹಾಕಿದರೆ ಮಂಡಿ ಹಿಡ್ಕೊಳ್ಳುತ್ತೆ ಅಂತ ಹಾಲ್‌ನಲ್ಲಿ ಫ್ಯಾನಿನ ಕೆಳಗೆ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ಒಂದು ರಾತ್ರಿ ಒಂಬತ್ತೂವರೆ ಸುಮಾರಿಗೆ, “ಅಲ್ಲ ಕಣೋ, ಈ ಫ್ಯಾನು ದಿನಾ ಇದೇ ಹೊತ್ತಿಗೆ ಕೂಗುತ್ತಲ್ಲ, ಏನಾಗಿದೆ ಇದಕ್ಕೆ?” ಅಂದಳು. ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, “ಬೇರಿಂಗ್ ಹೋಗಿರಬೇಕು” ಅಂದೆ.

“ಬೇರಿಂಗ್ ಹೋದ್ರೆ ಯಾವಾಗ್ಲೂ ಕೂಗ್ಬೇಕು. ಇದು ನಿಂತು ನಿಂತು ಕೂಗುತ್ತೆ. ನಾನು ಎಣಿಸಿದೀನಿ.”

ಅವಳು ಎಣಿಸಿದ್ದಾಳೆ ಅಂದಮೇಲೆ ಮುಗಿಯಿತು. ಅಡಿಕೆ ಮಂಡಿಯವರ ತೂಕವನ್ನೇ ನಂಬದೆ ಮನೆಯಲ್ಲಿ ಇನ್ನೊಂದು ಸಲ ತೂಗಿಸುವ ಹೆಂಗಸು. ಲ್ಯಾಪ್‌ಟಾಪ್ ಮುಚ್ಚಿ ಕಿವಿಗೊಟ್ಟೆ. ಹೌದು. ರೆಕ್ಕೆಯ ಗಾಳಿಯ ಸದ್ದಿನ ಒಳಗೆ ಇನ್ನೊಂದು ಸದ್ದು. ಝೀಂಯ್... ಬಿಡುವು. ಝೀಂಯ್, ಝೀಂಯ್... ಉದ್ದ ಬಿಡುವು. ಝೀಂಯ್. ಕಾದ ಕಾವಲಿಗೆ ಯಾರೋ ಲೆಕ್ಕ ಹಾಕಿ ನೀರು ಚಿಮುಕಿಸಿದ ಹಾಗೆ. ಒಂದೆರಡು ನಿಮಿಷ ನಡೆದು ನಿಂತುಹೋಯಿತು. ನಾಲ್ಕು ವರ್ಷದಿಂದ ಈ ಮನೆಯಲ್ಲಿದ್ದೇನೆ, ದಾವಣಗೆರೆಯಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಬೇರೆ ಮಾಡಿದ್ದೇನೆ, ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ.

ಮಗಳಿಗೆ ಸಂಗೀತದ ಪಾಠಕ್ಕೆ ಅಂತ ಫೋನಿನಲ್ಲಿ ಶ್ರುತಿ ನೋಡುವ ಆ್ಯಪ್ ಹಾಕಿಕೊಟ್ಟಿದ್ದೆ. ಮರುದಿನ ರಾತ್ರಿ ಕುರ್ಚಿ ಮೇಲೆ ನಿಂತು ಫೋನನ್ನು ಫ್ಯಾನಿನ ಹತ್ತಿರ ಹಿಡಿದಳು. ಅಷ್ಟರಲ್ಲಿ ನಾನು ಒಂದಿಷ್ಟು ಓದಿಕೊಂಡಿದ್ದೆ: ಫ್ಯಾನು ಹೀಗೆ ಕೂಗುವುದು ಕರೆಂಟಿನ ಕಂಪನಿ ಲೈನಿನಲ್ಲಿ ಕಳಿಸುವ ಒಂದು ಸಂಕೇತಕ್ಕೆ, ಈ ಭಾಗದಲ್ಲಿ ಅದರ ಆವರ್ತನ 1050 ಹರ್ಟ್ಜ್ ಆಸುಪಾಸು. ಅಂದರೆ ಒಂದು ಕಟ್ಟೆ ಶ್ರುತಿಯ ಷಡ್ಜದಿಂದ ಎರಡು ಸ್ಥಾಯಿ ಮೇಲೆ. ಆದರೆ ಪರದೆಯಲ್ಲಿ ಅಲ್ಲಿ ಏನೂ ಇಲ್ಲ! ಅದರ ಅಕ್ಕಪಕ್ಕ ಎರಡು ಕಡ್ಡಿ ಎದ್ದಿವೆ, ಒಂದು ಸಾವಿರದ ಹತ್ತಿರ, ಇನ್ನೊಂದು ಸಾವಿರದ ನೂರರ ಹತ್ತಿರ. “ಅಪ್ಪಾ, ನೀನು ಹೇಳಿದ್ದು ತಪ್ಪು” ಅಂದಳು ಮಗಳು, ಖುಷಿಯಿಂದ.

ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಫ್ಯಾನಿನ ಮೋಟರಿನಲ್ಲಿ ಕಬ್ಬಿಣವನ್ನು ಎಳೆಯುವ ಬಲ ಆಯಸ್ಕಾಂತ ಕ್ಷೇತ್ರದ ವರ್ಗಕ್ಕೆ, ಅಂದರೆ ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ, ತಕ್ಕಂತೆ ಇರುತ್ತದೆ. ಒಂದೇ ತಂತಿಯಲ್ಲಿ 50 ಹರ್ಟ್ಜಿನ ಕರೆಂಟೂ 1050ರ ಸಂಕೇತವೂ ಬಂದರೆ ಕಬ್ಬಿಣ ನಡುಗುವುದು ಎರಡನ್ನೂ ಕಳೆದಾಗ ಬರುವ 1000ಕ್ಕೆ ಮತ್ತು ಕೂಡಿಸಿದಾಗ ಬರುವ 1100ಕ್ಕೆ. ಶುದ್ಧ ಸ್ವರ ಕೇಳದೆ ಸೀಳು ಸೀಳಾಗಿ ಕೇಳುವುದು ಅದಕ್ಕೇ. ಡಿಪ್ಲೊಮಾ ಮುಗಿದು ಇಪ್ಪತ್ತು ವರ್ಷದ ಮೇಲೆ ಮೊದಲ ಸಲ ಅದು ಕೆಲಸಕ್ಕೆ ಬಂತು. ಅಮ್ಮನಿಗೆ ಹೇಳಿದರೆ, “ಅದೆಲ್ಲ ಇರ್ಲಿ, ಯಾರನ್ನ ಕರೀತಿದೆ ಅದು?” ಅಂದಳು.

ಸರಿಯಾದ ಪ್ರಶ್ನೆ. ಅದು ಕರೆಯುತ್ತಿದ್ದದ್ದು ಫ್ಯಾನನ್ನಲ್ಲ. ಹೊರಗೋಡೆಯ ಮೀಟರ್ ಪೆಟ್ಟಿಗೆಯೊಳಗೆ ಕೂತ, ಅಂಗೈ ಅಗಲದ ಒಂದು ಬೂದು ಡಬ್ಬಿಯನ್ನು.

ಇದಕ್ಕೆ ರಿಪಲ್ ಕಂಟ್ರೋಲ್ ಅನ್ನುತ್ತಾರೆ. ಬಡಾವಣೆಯ ಸಬ್‌ಸ್ಟೇಷನ್ನಿನಲ್ಲಿ 11 ಕೆವಿ ಲೈನಿಗೆ, ಟ್ರಾನ್ಸ್‌ಫಾರ್ಮರ್ ಮತ್ತು ಕೆಪಾಸಿಟರ್‌ಗಳ ಮೂಲಕ, 50 ಹರ್ಟ್ಜಿನ ಅಲೆಯ ಮೇಲೆ ಇನ್ನೊಂದು ಸಣ್ಣ ಅಲೆ ಸೇರಿಸುತ್ತಾರೆ. ಸಾರಿಗೆ ಒಗ್ಗರಣೆ ಹಾಕಿದ ಹಾಗೆ. ಸಾರು ಸಾರೇ, ಮೇಲೆ ಒಂದು ಚುರ್. ಇದರ ವೋಲ್ಟೇಜು ಮುಖ್ಯ ಕರೆಂಟಿನ ಶೇಕಡಾ ಕೆಲವು ಭಾಗ ಅಷ್ಟೇ. ಬೀದಿಯ ಟ್ರಾನ್ಸ್‌ಫಾರ್ಮರ್ ದಾಟಿ ಪ್ರತಿ ಮನೆಯ ಪ್ರತಿ ಪ್ಲಗ್ಗಿಗೂ ಬರುತ್ತದೆ. ಬಲ್ಬಿಗೆ, ಫ್ರಿಜ್ಜಿಗೆ ಅದರ ಗೊಡವೆ ಇಲ್ಲ. ಆ ಒಂದೇ ಸ್ವರಕ್ಕೆ ಕಿವಿ ಹೊಂದಿಸಿಕೊಂಡ ಡಬ್ಬಿ ಮಾತ್ರ ಎಚ್ಚೆತ್ತುಕೊಂಡು, ಯಾವ ಕ್ಷಣದಲ್ಲಿ ಸದ್ದು, ಯಾವ ಕ್ಷಣದಲ್ಲಿ ಮೌನ ಅಂತ ಎಣಿಸುತ್ತದೆ. ಅದು ತನ್ನ ಗುಂಪಿನ ಸಂಕೇತ ಆಗಿದ್ದರೆ ರಿಲೇ ಅನ್ನುವ ತನ್ನೊಳಗಿನ ಸ್ವಿಚ್ಚನ್ನು ಹಾಕುತ್ತದೆ ಅಥವಾ ತೆಗೆಯುತ್ತದೆ. ಆ ರಿಲೇಯ ಆಚೆಗಿರುವುದು ನಮ್ಮ ಮನೆಯ ಬಿಸಿನೀರಿನ ಟ್ಯಾಂಕು.

ಹಳೆಯ ಕಾಲದ ಡಬ್ಬಿಗಳ ಕಥೆ ಇನ್ನೂ ಚೆಂದ. ಆಗ ಎಲೆಕ್ಟ್ರಾನಿಕ್ ಚಿಪ್ ಇಲ್ಲವಲ್ಲ, ಒಳಗೆ ಒಂದು ಪುಟ್ಟ ಮೋಟರು, ಹಲ್ಲಿನ ಚಕ್ರ. ಮೊದಲ ಸದ್ದು ಬಂದಾಗ ಮೋಟರು ಹೊರಡುತ್ತದೆ. ಚಕ್ರ ಇಷ್ಟು ತಿರುಗಿದಾಗ ಎರಡನೇ ಸದ್ದು ಬಂದರೆ ಒಂದು ಅರ್ಥ, ಇನ್ನಷ್ಟು ತಿರುಗಿದಾಗ ಬಂದರೆ ಇನ್ನೊಂದು. ಸಬ್‌ಸ್ಟೇಷನ್ನಿನ ಗಡಿಯಾರಕ್ಕೂ ಮನೆಯ ಚಕ್ರಕ್ಕೂ ತಾಳ ತಪ್ಪಬಾರದು ಅಲ್ಲವೇ? ತಪ್ಪುವುದಿಲ್ಲ, ಯಾಕೆಂದರೆ ಮೋಟರನ್ನು ತಿರುಗಿಸುವುದು ಅದೇ 50 ಹರ್ಟ್ಜಿನ ಕರೆಂಟು. ಹಾಡೂ ತಾಳವೂ ಒಂದೇ ತಂತಿಯಲ್ಲಿ ಬಂದವು. ಸ್ವಿಟ್ಜರ್ಲೆಂಡಿನ ಲ್ಯಾಂಡಿಸ್ ಆಂಡ್ ಗೀರ್, ಝೆಲ್‌ವೆಗರ್ ಕಂಪನಿಗಳು ಇಂಥವನ್ನು ಮಾಡಿ ಪ್ರಪಂಚಕ್ಕೆಲ್ಲ ಮಾರಿದವು. ಗಡಿಯಾರದ ದೇಶದವರಿಗೆ ಇದೇನು ದೊಡ್ಡದು ಅನ್ನಿ. ಫ್ರಾನ್ಸಿನಲ್ಲಿ 175 ಹರ್ಟ್ಜ್. ಅಲ್ಲಿ ಒಂದು ಆಜ್ಞೆ ಅಂದರೆ ಮೊದಲ ಸದ್ದಿನ ಮೇಲೆ ನಲವತ್ತು ಜಾಗ, ಪೂರ್ತಿ ಹೇಳಿ ಮುಗಿಸಲು ನೂರು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ವಾಟ್ಸಾಪ್ ಕಾಲದಲ್ಲಿ ನೂರು ಸೆಕೆಂಡಿಗೆ ಒಂದು ಮಾತು. ಇಂಗ್ಲೆಂಡಿನವರು ತಂತಿಯ ಗೋಜಿಗೇ ಹೋಗದೆ, ಬಿಬಿಸಿಯ 198 ಕಿಲೋಹರ್ಟ್ಜ್ ಲಾಂಗ್‌ವೇವ್ ರೇಡಿಯೋ ಅಲೆಯೊಳಗೆ ಆಜ್ಞೆ ಬಚ್ಚಿಟ್ಟು ಕಳಿಸುತ್ತಿದ್ದರು. ವಾರ್ತೆ ಓದುವವರ ಧ್ವನಿ ಹೊತ್ತ ಅಲೆಯೇ ಹೀಟರಿಗೂ ಕರೆ ಹೊತ್ತು ಹೋಗುತ್ತಿತ್ತು.

ನಮ್ಮ ಕಡೆಯೂ ಕರೆಂಟಿನ ತಂತಿಯಲ್ಲಿ ಮಾತು ಹೋಗುತ್ತಿತ್ತು. ಹೈಟೆನ್ಶನ್ ಸಬ್‌ಸ್ಟೇಷನ್ ಯಾರ್ಡಿನಲ್ಲಿ ಲೈನಿಗೆ ದೊಡ್ಡ ಡೋಲಿನ ಥರ ಒಂದು ಸುರುಳಿ ನೇತಾಡುವುದನ್ನು ಬಸ್ಸಿನ ಕಿಟಕಿಯಿಂದ ನೋಡಿರುತ್ತೀರಿ. ಅದು ವೇವ್ ಟ್ರ್ಯಾಪ್. ಒಂದು ಸಬ್‌ಸ್ಟೇಷನ್ನಿನವರು ಇನ್ನೊಂದರ ಜೊತೆ ಅದೇ ಲೈನಿನ ಮೇಲೆ ಫೋನ್ ಮಾಡಲು ಮಾಡಿದ ಏರ್ಪಾಡು. ಮಾತಿನ ಅಲೆ ಬೇಡದ ಕಡೆ ಹೋಗದಂತೆ ಆ ಸುರುಳಿ ತಡೆಯುತ್ತದೆ. ಪರೀಕ್ಷೆಗೆ ಅದರ ಚಿತ್ರ ಬರೆದಿದ್ದೆ, ಐದು ಮಾರ್ಕು. ಆದರೆ ಆ ಮಾತು ದೊಡ್ಡವರು ದೊಡ್ಡವರ ಜೊತೆ ಆಡಿದ್ದು. ಮನೆಯ ಬಚ್ಚಲವರೆಗೆ ಬಂದಿರಲಿಲ್ಲ.

ಮೂರನೇ ರಾತ್ರಿ ಟಾರ್ಚ್ ಹಿಡಿದು ಮೀಟರ್ ಪೆಟ್ಟಿಗೆ ಬಾಗಿಲು ತೆಗೆದು ಅದರ ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ. ಸೊಳ್ಳೆ. ಪಕ್ಕದ ಮನೆಯವರು ನಾಯಿ ಹಿಡಿದು ಹೋಗುತ್ತ ಎರಡು ಸಲ ನೋಡಿದರು. ಒಳಗಿನಿಂದ ಅಮ್ಮ, “ಈಗ ಕೂಗ್ತಿದೆ, ಈಗ ಕೂಗ್ತಿದೆ” ಅಂತ ಸುದ್ದಿ ಕೊಡುತ್ತಿದ್ದಳು. ಒಂಬತ್ತೂವರೆಯ ಹಾಡಿಗೆ ಡಬ್ಬಿ ಮಿಸುಕಲಿಲ್ಲ. ಹತ್ತು ಗಂಟೆಯದಕ್ಕೂ ಇಲ್ಲ. ಹತ್ತೂ ಇಪ್ಪತ್ತಕ್ಕೆ ಇನ್ನೊಂದು ಹಾಡು ಮುಗಿದ ಮೇಲೆ, ಒಳಗೆ ಯಾರೋ ಚಿಟಿಕೆ ಹೊಡೆದಂತೆ, ಟಕ್. ಕೆಳಗಿನ ಎರಡನೇ ಮೀಟರಿನ, ಟ್ಯಾಂಕಿನ ಲೆಕ್ಕದ್ದರ, ಅಂಕಿ ಓಡತೊಡಗಿತು.

ಅಲ್ಲಿಗೆ ಗೊತ್ತಾಯಿತು, ಹಾಡೆಲ್ಲ ನಮಗಲ್ಲ. ಊರಿನ ಟ್ಯಾಂಕುಗಳನ್ನು ಗುಂಪು ಗುಂಪಾಗಿ ಹಂಚಿದ್ದಾರೆ, ಒಂದೊಂದು ಗುಂಪಿಗೆ ಒಂದೊಂದು ಸರದಿ. ನಮ್ಮ ಟ್ಯಾಂಕಿನ ಕಾಯಿಲು 3.6 ಕಿಲೋವ್ಯಾಟಿನದು, ಇಲ್ಲಿ ಇದು ಮಾಮೂಲಿ ಅಳತೆ. ಒಂದು ಲಕ್ಷ ಮನೆಯವು ಒಂದೇ ಕ್ಷಣಕ್ಕೆ ಹೊತ್ತಿಕೊಂಡರೆ 360 ಮೆಗಾವ್ಯಾಟ್. ಶರಾವತಿ ಪವರ್‌ಹೌಸಿನ ಹತ್ತು ಟರ್ಬೈನುಗಳಲ್ಲಿ ಮೂರೂವರೆ ಬರೀ ಸ್ನಾನದ ನೀರಿಗೆ ಬೇಕು.

ಈ ಲೆಕ್ಕ ಹಾಕುವಾಗ ನೆನಪಾದದ್ದು ಚನ್ನಗಿರಿ ತಾಲ್ಲೂಕಿನ ನಮ್ಮ ತೋಟದ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್. ತ್ರೀ ಫೇಸ್ ಬಂದ ತಕ್ಷಣ ಮೋಟರ್ ತಾನೇ ಶುರುವಾಗಲಿ ಅಂತ ಸುತ್ತಲಿನ ತೋಟದವರೆಲ್ಲ ಆಟೋ ಸ್ಟಾರ್ಟರ್ ಹಾಕಿಸಿದ್ದರು. ರಾತ್ರಿ ಎರಡು ಗಂಟೆಗೆ ಕರೆಂಟು ಬಂದ ಕ್ಷಣ ಎಲ್ಲರ ಬೋರೂ ಒಟ್ಟಿಗೆ ಎದ್ದರೆ ಟಿಸಿ ಉಳಿಯುತ್ತದೆಯೇ? ಸುಡುತ್ತಿತ್ತು. ಸುಟ್ಟ ಮೇಲೆ ಚಂದಾ ಎತ್ತಿ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗಬೇಕು, ಅಷ್ಟರಲ್ಲಿ ಅಡಿಕೆ ಗಿಡದ ಸೋಗೆ ಜೋತುಬಿದ್ದಿರುತ್ತಿತ್ತು. ಎಲ್ಲರಿಗೂ ಒಂದೇ ಕ್ಷಣದಲ್ಲಿ ಬೇಕು ಅನ್ನುವುದೇ ರೋಗ. ಇಲ್ಲಿನವರು ಮಾಡಿದ ಮದ್ದು ಇಷ್ಟೇ, ಹತ್ತೂ ಇಪ್ಪತ್ತಕ್ಕೆ ನೀನು, ಹತ್ತೂ ನಲವತ್ತಕ್ಕೆ ನಿನ್ನ ಪಕ್ಕದವನು.

ಹೀಗೆ ಮುಂದೂಡಲು ನೀರನ್ನೇ ಯಾಕೆ ಹಿಡಿದರು ಅಂತ ಅಮ್ಮನಿಗೆ ವಿವರಿಸುವ ಅಗತ್ಯವೇ ಬರಲಿಲ್ಲ. “ಹಂಡೆ ಅಲ್ವಾ” ಅಂದಳು. ಊರಿನ ಬಚ್ಚಲೊಲೆಗೆ ರಾತ್ರಿ ಅಡಿಕೆ ಸಿಪ್ಪೆ ತುಂಬಿ ಕೆಂಡ ಮುಚ್ಚಿಟ್ಟರೆ ಬೆಳಿಗ್ಗೆ ಐದಕ್ಕೂ ನೀರು ಕೈ ಸುಡುತ್ತದೆ. ಬೆಂಕಿ ಹಾಕಿದ ಹೊತ್ತೇ ಬೇರೆ, ಮೀಯುವ ಹೊತ್ತೇ ಬೇರೆ. ದೀಪವನ್ನು ಹಾಗೆ ಮುಂದೂಡಲಾಗದು, ಅನ್ನವನ್ನು ಮುಂದೂಡಿದರೆ ಜಗಳ. ನೀರು ಮಾತ್ರ ಕಾಯುತ್ತದೆ, ಎರಡೂ ಅರ್ಥದಲ್ಲಿ.

ಇನ್ನು ಹಬ್ಬದ ದಿನದ ಕಥೆ. ಇದರಲ್ಲಿ ತಪ್ಪೆಲ್ಲ ನನ್ನದೇ.

ಕ್ವೀನ್ಸ್‌ಲ್ಯಾಂಡಿನಲ್ಲಿ ಈ ಟ್ಯಾಂಕುಗಳಿಗೆ ಎರಡು ಥರದ ಅಗ್ಗದ ದರ ಇದೆ. ಟ್ಯಾರಿಫ್ 33 ತಗೊಂಡರೆ ದಿನಕ್ಕೆ ಕಡಿಮೆ ಅಂದರೆ 18 ಗಂಟೆ ಕರೆಂಟು ಕೊಡುತ್ತಾರೆ, ಉಳಿದ ಹೊತ್ತು ಅವರಿಷ್ಟ. ಟ್ಯಾರಿಫ್ 31 ಇನ್ನೂ ಅಗ್ಗ, ಆದರೆ ಖಾತ್ರಿ ಇರುವುದು ಬರೀ 8 ಗಂಟೆ, ಸಾಮಾನ್ಯವಾಗಿ ರಾತ್ರಿ. ನಾವು ಮನೆ ತಗೊಂಡಾಗ ಟ್ಯಾಂಕು 31ರಲ್ಲಿತ್ತು. ನನಗೆ ಅದು ಗೊತ್ತೇ ಇರಲಿಲ್ಲ. ಬಿಲ್ಲಿನಲ್ಲಿ ಎರಡು ಸಾಲು ಬರುತ್ತಿತ್ತು, ಮೊತ್ತ ನೋಡಿ ಕಟ್ಟುತ್ತಿದ್ದೆ. ಮೂರು ಜನಕ್ಕೆ 250 ಲೀಟರ್ ಟ್ಯಾಂಕು. ಒಂದು ದಿನವೂ ನೀರು ಮುಗಿದಿರಲಿಲ್ಲ.

ಆ ನವೆಂಬರಿನ ದೀಪಾವಳಿಗೆ ಎರಡು ಸಂಸಾರ ನಮ್ಮಲ್ಲೇ ಉಳಿದುಕೊಂಡವು. ಒಟ್ಟು ಒಂಬತ್ತು ಜನ. ನೀರು ತುಂಬುವ ಹಬ್ಬದ ಸಂಜೆ ಅಮ್ಮ ಹಂಡೆ ಎಲ್ಲಿ ಅಂತ ಹುಡುಕಿ, ಕೊನೆಗೆ ಮನೆಯ ಹಿಂದೆ ಗೋಡೆಗೆ ಒರಗಿ ನಿಂತಿದ್ದ ಬಿಳಿ ಟ್ಯಾಂಕಿಗೆ ಅರಿಶಿನ ಕುಂಕುಮ ಹಚ್ಚಿದಳು. ಊರಿನಲ್ಲಾದರೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು ಹಿಂಡ್ಲಿಕಾಯಿ ಬಳ್ಳಿ ಕಟ್ಟುತ್ತಾರೆ. ಇಲ್ಲಿ ಬೇಲಿಯ ಮೇಲಿದ್ದ ಹೆಸರು ಗೊತ್ತಿಲ್ಲದ ಯಾವುದೋ ಬಳ್ಳಿ ಹರಿದು ತಂದು ಸುತ್ತಿದಳು. ಟ್ಯಾಂಕಿನ ಮೇಲೆ ಇಂಗ್ಲಿಷಿನಲ್ಲಿ ಎಚ್ಚರಿಕೆಯ ಚೀಟಿ, ಅದರ ಪಕ್ಕ ಕುಂಕುಮದ ಬೊಟ್ಟು. ಫೋಟೋ ಇಟ್ಟುಕೊಂಡಿದ್ದೇನೆ.

ಬೆಳಿಗ್ಗೆ ನಾಲ್ಕೂವರೆಗೆ ಎಣ್ಣೆ ನೀರು ಶುರು. ಎಣ್ಣೆ ಜಿಡ್ಡು, ಸೀಗೆಪುಡಿ, ಒಬ್ಬೊಬ್ಬರಿಗೂ ಮಾಮೂಲಿಗಿಂತ ಎರಡರಷ್ಟು ನೀರು. ಮೊದಲು ಹಿರಿಯರು, ಆಮೇಲೆ ಮಕ್ಕಳು. ನಾಲ್ಕನೆಯವರು ಮುಗಿಸಿ ಬಂದರು. ಐದನೆಯವನು ನನ್ನ ಗೆಳೆಯ, ಮೈತುಂಬ ಎಣ್ಣೆ, ತಲೆತುಂಬ ಸೀಗೆಪುಡಿ, ಒಳಗಿನಿಂದ ಕೂಗಿದ: “ಲೋ, ನೀರು ತಣ್ಣಗಾಯ್ತು!”

ಅಮ್ಮ ಬಟನ್ ಎಲ್ಲಿದೆ ಅಂತ ಕೇಳಿದಳು. ಗೀಸರಿಗೆ ಒಂದು ಕೆಂಪು ಬಟನ್ ಇರಬೇಕು, ಒತ್ತಿದರೆ ಹತ್ತು ನಿಮಿಷಕ್ಕೆ ನೀರು ಕಾಯಬೇಕು, ನಮ್ಮ ಲೆಕ್ಕ ಅದೇ ತಾನೇ. ಬಟನ್ ಇಲ್ಲ. ಮೀಟರ್ ಪೆಟ್ಟಿಗೆಯಲ್ಲಿ ಒಂದು ಸ್ವಿಚ್ಚಿದೆ, ಅದು ಆಗಲೇ ಆನ್ ಆಗಿದೆ. ರಿಲೇ ಕೂಡ ಆನ್ ಆಗಿದೆ. ಆದರೆ 3.6 ಕಿಲೋವ್ಯಾಟಿಗೆ 250 ಲೀಟರ್ ತಣ್ಣೀರನ್ನು 60 ಡಿಗ್ರಿಗೆ ತರಲು ಮೂರು ಗಂಟೆಗೂ ಮೇಲೆ ಬೇಕು, ಮತ್ತು ಏಳಕ್ಕೆ ರಿಲೇ ಟಕ್ ಅಂತ ಬಿಟ್ಟುಕೊಂಡಿತು. ಇನ್ನು ರಾತ್ರಿವರೆಗೆ ಅದು ನನ್ನ ಮಾತು ಕೇಳುವುದಿಲ್ಲ. ಹಾಡಬೇಕಾದವರು ಹಾಡಬೇಕು.

ಕೊನೆಗೆ ಬಿಸಿಬೇಳೆಬಾತಿಗೆ ತೆಗೆದಿಟ್ಟಿದ್ದ ದೊಡ್ಡ ಪಾತ್ರೆಯಲ್ಲಿ, ಅಕ್ಕಿ ತೊಳೆಯುವ ಬೇಸನ್ನಿನಲ್ಲಿ, ಎಲೆಕ್ಟ್ರಿಕ್ ಕೆಟಲ್ಲಿನಲ್ಲಿ ನೀರು ಕಾಯಿಸಿ ಬಕೆಟ್ಟಿಗೆ ಬೆರೆಸಿ ಬೆರೆಸಿ ಐದು ಜನರ ಹಬ್ಬ ಮುಗಿಸಿದೆವು. ನನ್ನ ಹೆಂಡತಿ ಕೆಟಲ್ ಹಿಡಿದು ಓಡಾಡುತ್ತ, “ರೀ, ನಿಮ್ಮ ಅಗ್ಗದ ದರಕ್ಕೆ ಇಷ್ಟು!” ಅಂದಳು. ಕೆಟಲ್ಲಿನ ಕರೆಂಟು ಮಾಮೂಲಿ ದರದ್ದು ಅನ್ನುವುದನ್ನು ನಾನು ಹೇಳಲು ಹೋಗಲಿಲ್ಲ.

ಆ ರಾತ್ರಿ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಅಡಿಕೆ ಕೊಯ್ಲಿನ ಸಮಯ ಅಂತ ಅವರು ಬಂದಿರಲಿಲ್ಲ. ಪೂರ್ತಿ ಕೇಳಿ, “ಅಂದ್ರೆ ನಿಮ್ಮಲ್ಲೂ ಕರೆಂಟಿನವರೇ ಸ್ವಿಚ್ ಹಿಡ್ಕೊಂಡಿದಾರೆ ಅನ್ನು” ಅಂದರು. ದನಿಯಲ್ಲಿ ಒಂಥರ ಸಮಾಧಾನ ಇತ್ತು.

ಅವರ ಅರ್ಧ ಆಯಸ್ಸು ಆ ಸ್ವಿಚ್ಚಿಗೆ ಕಾದು ಹೋಗಿದೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ, ಆದರೆ ತ್ರೀ ಫೇಸ್ ದಿನಕ್ಕೆ ಏಳು ಗಂಟೆಯ ಲೆಕ್ಕ, ಅದೂ ಒಮ್ಮೆ ಹಗಲು, ಒಮ್ಮೆ ರಾತ್ರಿ. ನಾನು ಹೈಸ್ಕೂಲಿನಲ್ಲಿದ್ದಾಗ ಉಳಿದ ಹೊತ್ತಿಗೆ ಊರಿಗೆಲ್ಲ ಸಿಂಗಲ್ ಫೇಸ್ ಕೊಡುತ್ತಿದ್ದರು. ಮನೆಯ ಬಲ್ಬು ಉರಿಯಬೇಕು, ತೋಟದ ಮೋಟರ್ ಓಡಬಾರದು. ಅದಕ್ಕೆ ಸಬ್‌ಸ್ಟೇಷನ್ನಿನಲ್ಲಿ ಒಂದು ಫೇಸ್ ಕಿತ್ತುಬಿಟ್ಟರೆ ಆಯಿತು. ಇದೂ ದೂರದಿಂದ ಮನೆಯ ಲೋಡನ್ನು ಹಿಡಿದಿಡುವ ವಿದ್ಯೆಯೇ, ಹಾಡು ಇಲ್ಲ ಅಷ್ಟೆ. ಪಂಪ್‌ಹೌಸಿನ ಗೋಡೆ ಮೇಲೆ ಅಪ್ಪ ಮೂರು ಬಲ್ಬು ಹಾಕಿದ್ದರು, ಫೇಸಿಗೊಂದು. ನಡುರಾತ್ರಿ ಅಂಗಳದಲ್ಲಿ ನಿಂತು ತೋಟದ ಕಡೆ ನೋಡಿದರೆ ಮೂರೂ ಕಂಡರೆ ಟಾರ್ಚು, ದೊಣ್ಣೆ ಹಿಡಿದು ಹೊರಡುವುದು. ಎರಡೇ ಕಂಡರೆ ಮತ್ತೆ ಮಲಗುವುದು.

ಎಲ್ಲರೂ ಮಲಗುತ್ತಿರಲಿಲ್ಲ ಅನ್ನಿ. ಕೆಪಾಸಿಟರ್ ಕಟ್ಟಿ, ಇಲ್ಲದ ಮೂರನೇ ಫೇಸನ್ನು ಹುಟ್ಟಿಸಿದಂತೆ ಮಾಡಿ ಮೋಟರ್ ಓಡಿಸುವ ವಿದ್ಯೆ ಪ್ರತಿ ಊರಿನಲ್ಲೂ ಒಬ್ಬನಿಗೆ ಗೊತ್ತಿತ್ತು. ನಮ್ಮೂರಿನಲ್ಲಿ ಅವನು ಸೈಕಲ್ ಶಾಪಿನವನು. ಕಂಪನಿ ಕಟ್ಟಿದ ಬೀಗಕ್ಕೆ ಅವನ ಹತ್ತಿರ ಕೀಲಿ. ವೈಂಡಿಂಗ್ ಸುಟ್ಟು ಬೋರಿನಿಂದ ಮೋಟರ್ ಎತ್ತಿಸಬೇಕಾದಾಗ ಮಾತ್ರ ಅವನು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಆಮೇಲೆ ನಿರಂತರ ಜ್ಯೋತಿ ಅಂತ ಊರಿಗೆ ಬೇರೆ, ತೋಟಕ್ಕೆ ಬೇರೆ ಫೀಡರ್ ಬಂತು. ಫೇಸ್ ಕೀಳುವ ಕೆಲಸ ಇಲ್ಲ, ತೋಟದ ಫೀಡರನ್ನೇ ಆರಿಸಿದರಾಯಿತು. ಈಗ ಅಪ್ಪ ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡಿದ್ದಾರೆ. ಹಾಸಿಗೆಯಿಂದಲೇ ಮೋಟರಿಗೆ ಮಿಸ್ಡ್ ಕಾಲ್ ಕೊಡುತ್ತಾರೆ.

“ನಿಮ್ಮದಕ್ಕೆ ಕೆಪಾಸಿಟರ್ ಹಾಕಕ್ಕೆ ಬರಲ್ವಾ?” ಅಂತ ಕೇಳಿದರು. ನಗು ಬಂತು, ಆದರೆ ನನಗೂ ಆ ಯೋಚನೆ ಬಂದಿತ್ತು. ರಿಲೇಯನ್ನು ತಪ್ಪಿಸಿ ತಂತಿ ಎಳೆದರೆ ಇಲ್ಲಿ ಕಳ್ಳತನ, ಆ ಮಾತು ಬಿಡಿ. ಸುಳ್ಳು ಹಾಡು ಹಾಡಿ ಡಬ್ಬಿಯನ್ನು ಏಮಾರಿಸಬಹುದೇ? ಪ್ಲಗ್ಗಿನಿಂದ ಊರಿಗೆಲ್ಲ ಕೇಳುವಂತೆ ಹಾಡಲು ಆಗುವುದಿಲ್ಲ. ಸುತ್ತಲಿನ ಎಲ್ಲ ಮನೆಗಳ ಲೋಡು ಸೇರಿ ಆ ಸದ್ದನ್ನು ಹೀರಿಬಿಡುತ್ತವೆ. ಸಬ್‌ಸ್ಟೇಷನ್ನಿನಲ್ಲಿ ಒಂದು ಕೋಣೆ ತುಂಬುವ ಯಂತ್ರ ಇಟ್ಟಿರುವುದೇ ಅದಕ್ಕೆ. ಈ ಹಳೆಯ ವಿದ್ಯೆಗೆ ಪಾಸ್‌ವರ್ಡ್ ಇಲ್ಲದಿದ್ದರೂ ಮೈಕಟ್ಟೇ ಕಾವಲು. ರೇಡಿಯೋದಲ್ಲಿ ಇದೇ ಕೆಲಸ ಮಾಡಿದವರಿಗೆ ಆ ಅನುಕೂಲ ಇಲ್ಲ. 2024ರ ಡಿಸೆಂಬರಿನಲ್ಲಿ ಹ್ಯಾಂಬರ್ಗಿನ ಹ್ಯಾಕರ್‌ಗಳ ಸಮ್ಮೇಳನದಲ್ಲಿ ಇಬ್ಬರು ಎದ್ದು ನಿಂತು, ಜರ್ಮನಿಯಲ್ಲಿ ಬೀದಿದೀಪಕ್ಕೂ ಸೋಲಾರಿಗೂ ರೇಡಿಯೋದಲ್ಲಿ ಹೋಗುವ ಆಜ್ಞೆಗೆ ಗೂಢಲಿಪಿಯೇ ಇಲ್ಲ, ಯಾರು ಬೇಕಾದರೂ ಅನುಕರಿಸಬಹುದು ಅಂತ ತೋರಿಸಿದರು.

ಹಬ್ಬದ ಮರುವಾರವೇ ಎಲೆಕ್ಟ್ರಿಷಿಯನ್ ಕರೆಸಿ ಟ್ಯಾಂಕನ್ನು 33ಕ್ಕೆ ಬದಲಾಯಿಸಿದೆ. ಬಿಲ್ಲು ಸ್ವಲ್ಪ ಏರಿತು, ಮನೆಯಲ್ಲಿ ಮಾನ ಉಳಿಯಿತು. ಆತ ಫ್ಯಾನಿನ ಹಾಡು ಕೇಳಿ ಅಭ್ಯಾಸ ಇದ್ದವನು. ಡಿಸಿ ಮೋಟರಿನ ಫ್ಯಾನ್ ಹಾಕಿದರೆ ಹಾಡುವುದಿಲ್ಲ, ಇಲ್ಲವಾದರೆ ಫಿಲ್ಟರ್ ಹಾಕಬಹುದು ಅಂದ.

ಅಷ್ಟಕ್ಕೆ ಮುಗಿಯಿತು ಅಂದುಕೊಂಡೆ. ಆದರೆ 2024ರ ಜನವರಿ ಬಂತು. ಜನವರಿ 22ರಂದು ಕ್ವೀನ್ಸ್‌ಲ್ಯಾಂಡಿನ ಬೇಡಿಕೆ ಮೊದಲ ಸಲ 11 ಸಾವಿರ ಮೆಗಾವ್ಯಾಟ್ ದಾಟಿತು. ಮಂಡಿನೋವಿನ ಅಮ್ಮನೇ, “ಹಾಕೋ ಆ ಎಸಿನ” ಅಂದ ದಿನಗಳು ಅವು. ನಮ್ಮ ಎಸಿ ತಗೊಂಡಾಗ 200 ಡಾಲರ್ ವಾಪಸ್ ಬಂದಿತ್ತು. ಪೀಕ್‌ಸ್ಮಾರ್ಟ್ ಅನ್ನುವ ಯೋಜನೆ. ಎಸಿಯೊಳಗೆ ಒಂದು ಕಿವಿ ಕೂರಿಸುತ್ತಾರೆ, ಅದೂ ಇದೇ ಹಾಡು ಕೇಳುತ್ತದೆ. ತೀರಾ ಇಕ್ಕಟ್ಟಿನ ಸಂಜೆಗಳಲ್ಲಿ ಕಂಪ್ರೆಸರನ್ನು ಮುಕ್ಕಾಲಿಗೋ ಅರ್ಧಕ್ಕೋ ತಗ್ಗಿಸುತ್ತದೆ, ಪೂರ್ತಿ ಆರಿಸುವುದಿಲ್ಲ. ಆ ಬೇಸಿಗೆಯಲ್ಲಿ ಎರಡು ತಿಂಗಳಲ್ಲಿ ಆರು ಸಲ, ಒಂದೂವರೆ ಲಕ್ಷಕ್ಕೂ ಹೆಚ್ಚು ಎಸಿಗಳನ್ನು ಹೀಗೆ ತಗ್ಗಿಸಿದರು ಅಂತ ಪತ್ರಿಕೆಯಲ್ಲಿ ಬಂದಾಗ ಆಫೀಸಿನಲ್ಲಿ ಎಲ್ಲರೂ ಹೌಹಾರಿದರು. 200 ಡಾಲರ್ ತಗೊಂಡವರೂ ಹೌಹಾರಿದರು. ನಾನೂ ತಗೊಂಡಿದ್ದೆ, ಸುಮ್ಮನಿದ್ದೆ.

ಈಗ ಇದೇ ಹಾಡು ಸೂರ್ಯನಿಗೂ ಮುಟ್ಟಿದೆ. 2023ರ ಫೆಬ್ರವರಿಯಿಂದ, ಫಲಕದ ಕರೆಂಟನ್ನು ಮನೆಯ ಕರೆಂಟಾಗಿಸುವ ಇನ್ವರ್ಟರನ್ನು ಹೊಸದಾಗಿ ಹಾಕಿಸುವಾಗ ಅದು ಹತ್ತು ಕೆವಿಎ ಅಥವಾ ಅದಕ್ಕೂ ದೊಡ್ಡದಾದರೆ ಸೋಲಾರಿಗೂ ಒಂದು ಡಬ್ಬಿ ಕಡ್ಡಾಯ ಮಾಡಿದರು. ಮಧ್ಯಾಹ್ನ ಎಲ್ಲರ ಸೂರಿನಿಂದಲೂ ಕರೆಂಟು ಉಕ್ಕಿ, ಕೊಳ್ಳುವವರೇ ಇಲ್ಲದೆ ಗ್ರಿಡ್ ತತ್ತರಿಸುವ ಹೊತ್ತಿಗೆ, ತುರ್ತು ಅಂತ ಹಾಡಿದರೆ ಸೂರಿನ ಫಲಕ ಕೆಲಸ ನಿಲ್ಲಿಸಬೇಕು. ಮೊದಲು, ಬೇಡ ಈಗ ಉರಿಸಬೇಡ ಅನ್ನುವುದಕ್ಕಿದ್ದ ವಿದ್ಯೆ, ಈಗ ಬೇಡ ಈಗ ಕೊಡಬೇಡ ಅನ್ನುವುದಕ್ಕೂ ಬಂದಿದೆ. ಇದನ್ನು ಅಪ್ಪನಿಗೆ ವಿವರಿಸಲು ಮಾತ್ರ ನನ್ನಿಂದ ಆಗಲಿಲ್ಲ. ಕರೆಂಟು ಜಾಸ್ತಿಯಾಯ್ತು ಅಂತ ಆರಿಸುತ್ತಾರೆ ಅಂದರೆ, ಅವರು ನಾನು ಕುಡಿದಿದ್ದೇನೆ ಅಂದುಕೊಂಡರು.

ನನಗೆ ಈ ಹಳೆಯ ಹಾಡಿನ ಮೇಲೆ ಒಂದು ಮೆಚ್ಚುಗೆ ಇದೆ, ಅದನ್ನು ಹೇಳಿಬಿಡುತ್ತೇನೆ. ಅದು ಹೇಳುತ್ತದೆ, ಕೇಳಿಸಿಕೊಳ್ಳುವುದಿಲ್ಲ. ನಮ್ಮ ಡಬ್ಬಿಗೆ ಕಿವಿ ಇದೆ, ಬಾಯಿ ಇಲ್ಲ. ಆಜ್ಞೆ ತಲುಪಿತೇ, ರಿಲೇ ಬಿದ್ದಿತೇ, ಕೆಟ್ಟು ಕೂತಿದೆಯೇ, ಕಂಪನಿಗೆ ಯಾವುದೂ ತಿಳಿಯುವುದಿಲ್ಲ. ಸಬ್‌ಸ್ಟೇಷನ್ನಿನ ಮುಳ್ಳು ಒಟ್ಟಾರೆ ಇಳಿದರೆ, ಸರಿ, ಬಹಳಷ್ಟು ಮನೆ ಕೇಳಿದವು ಅಂತ ಲೆಕ್ಕ. ಊರ ಡಂಗುರದವನ ಹಾಗೆ. ಆದರೆ 2030ರ ಒಳಗೆ ಎಲ್ಲ ಮನೆಗೂ ಸ್ಮಾರ್ಟ್ ಮೀಟರ್ ಬರಬೇಕಂತೆ. ಅದು ಟ್ಯಾಂಕನ್ನೂ ನಡೆಸಬಲ್ಲದು, ಐದೈದು ನಿಮಿಷದ ಲೆಕ್ಕವನ್ನೂ ಬರೆದು ಕಳಿಸುತ್ತದೆ. ಒಂಬತ್ತು ಜನ ಎಣ್ಣೆ ನೀರು ಹಾಕಿಕೊಂಡ ಬೆಳಿಗ್ಗೆ ಅದರ ಪುಸ್ತಕದಲ್ಲಿ ಕಾಣುತ್ತದೆ. ಅನುಕೂಲ ಹೆಚ್ಚೇ, ಒಪ್ಪುತ್ತೇನೆ. ಸ್ವಿಚ್ಚನ್ನು ಬೇರೆಯವರ ಕೈಗೆ ಕೊಟ್ಟಾಗ ನನಗೆ ಅಷ್ಟು ಕಸಿವಿಸಿ ಆಗಲಿಲ್ಲ, ಬಚ್ಚಲಿನ ಲೆಕ್ಕ ಕೊಡಬೇಕು ಅಂದಾಗ ಆಗುತ್ತದೆ. ಹೆಂಡತಿ, “ಫೋನಿನಲ್ಲಿ ಎಲ್ಲ ಕೊಟ್ಟಾಗಿದೆ, ಬಚ್ಚಲೊಂದು ಉಳಿದಿತ್ತಾ?” ಅನ್ನುತ್ತಾಳೆ. ಅದಕ್ಕೆ ನನ್ನ ಬಳಿ ಉತ್ತರ ಇಲ್ಲ.

ಮಾರ್ಚಿನಲ್ಲಿ ಅಮ್ಮ ವಾಪಸ್ ಹೋದಳು. ಮಲಗುವ ಕೋಣೆಗಳಿಗೆ ಡಿಸಿ ಫ್ಯಾನ್ ಹಾಕಿಸಿದ್ದೇವೆ, ಅವು ಬಾಯಿ ಬಿಡುವುದಿಲ್ಲ. ಹಾಲ್‌ನದು ಹಳೆಯದೇ ಇದೆ. ವಿಡಿಯೋ ಕಾಲಿನಲ್ಲಿ ಮಾತಾಡುವಾಗ ಒಮ್ಮೊಮ್ಮೆ ಅದು ಶುರು ಮಾಡುತ್ತದೆ. ಅಮ್ಮ ಮಾತು ನಿಲ್ಲಿಸಿ, ಫೋನನ್ನು ಕಿವಿಗೆ ಹತ್ತಿರ ಹಿಡಿದುಕೊಂಡು ಎಣಿಸುತ್ತಾಳೆ. ಪರದೆಯ ತುಂಬ ಅವಳ ಓಲೆ ಮಾತ್ರ ಕಾಣುತ್ತದೆ.